ಸೋಮವಾರದ ಗೃಹಪ್ರವೇಶ

ಸಿಡ್ನಿಯ ಸ್ಕೋಫೀಲ್ಡ್ಸ್‌ನಲ್ಲಿ ನಮ್ಮ ಪಕ್ಕದ ಮನೆ ಕಟ್ಟಿಸಿದವನು ಕ್ರೀಡಾ ಪತ್ರಕರ್ತ. ಕ್ರಿಕೆಟ್ ಬಗ್ಗೆ ಬರೆದಿದ್ದರೆ ಸಹಿಸಬಹುದಿತ್ತು. ಅವನು ಬರೆಯುತ್ತಿದ್ದುದು ಅಮೆರಿಕನ್ ಫುಟ್‌ಬಾಲ್ ಬಗ್ಗೆ. ಅಲ್ಲಿನ ಭಾನುವಾರದ ಆಟ ನಮಗೆ ಸೋಮವಾರ ಬೆಳಗ್ಗೆ ಬರುತ್ತದೆ. ಏನು ಕೇಳಿದರೂ ಫೋನಿನಿಂದ ಕಣ್ಣು ತೆಗೆಯದೆ ಎಡಗೈ ಎತ್ತಿ, "ಇನ್ನೆರಡೇ ನಿಮಿಷ ಆಂಟಿ" ಎನ್ನುತ್ತಿದ್ದ. ಆ ಆಟದ ಗಡಿಯಾರವೋ ಮಾತುಮಾತಿಗೆ ನಿಲ್ಲುತ್ತದೆ. ಅದರ ಎರಡು ನಿಮಿಷವೆಂದರೆ ನನ್ನ ಸಾರು ಕುದ್ದು ಆರುವಷ್ಟು ಹೊತ್ತು.

ಅವರ ಗೃಹಪ್ರವೇಶವೂ ಸೋಮವಾರವೇ ಬಿತ್ತು. ಏಳೂವರೆಗೆ ರಾಹುಕಾಲ, ಅಷ್ಟರೊಳಗೆ ಹೊಸ್ತಿಲು ದಾಟಬೇಕು. ಹೆಂಡತಿ ಕಲಶ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಇವನು ರೇಷ್ಮೆ ಪಂಚೆಯುಟ್ಟು ಮನೆ ಮುಂದೆ ಕಾರು ನಿಲ್ಲಿಸುವ ಡ್ರೈವ್‌ವೇಯಲ್ಲಿ ನಿಂತು ಆಟ ನೋಡುತ್ತ ವರದಿ ಟೈಪ್ ಮಾಡುತ್ತಿದ್ದ.

"ರೀ, ಬರ್ತೀರೋ ಇಲ್ವೋ?"

"ಇನ್ನೆರಡೇ ನಿಮಿಷ ಕಣೇ. ಸ್ಕೋರ್ ಟೈ ಆಗಿದೆ."

"ನಾನು ಆಫೀಸಿಗೆ ಅರ್ಧ ದಿನ ರಜೆ ಹಾಕಿ ಬಂದಿದೀನಿ ಸ್ವಾಮಿ," ಎಂದರು ಪುರೋಹಿತರು. "ರಾಹು ನಿಮ್ಮ ಸ್ಕೋರ್ ನೋಡ್ಕೊಂಡು ಕೂರಲ್ಲ."

ಕೊನೆಗೆ ಹೆಂಡತಿ ಬಲಗಾಲಿಟ್ಟು ಒಬ್ಬಳೇ ಒಳಗೆ ನಡೆದಳು. ಹಿಂದೆಯೇ ನಾವೆಲ್ಲ ಹೋದೆವು. ಅವನು ವರದಿ ಕಳಿಸಿ ಓಡಿ ಬರುವಷ್ಟರಲ್ಲಿ ಏಳೂವರೆ ದಾಟಿತ್ತು.

"ಒಂಬತ್ತರವರೆಗೂ ಹೊರಗೇ ಇರಿ," ಎಂದು ಪುರೋಹಿತರು ಬಾಗಿಲಿಗೆ ಕೈ ಅಡ್ಡ ಹಿಡಿದರು.

ಹೊಸ ಒಲೆಯ ಮೇಲೆ ಹಾಲಿಟ್ಟಾಗ ಅವನು ಅಡುಗೆಮನೆಯ ಕಿಟಕಿಯಾಚೆ ಗಾಜಿಗೆ ಮೂಗು ಒತ್ತಿ ನಿಂತಿದ್ದ. "ಉಕ್ಕಿತಾ ಆಂಟಿ?"

ನಾನು ಬಾಯಿ ತೆರೆಯುವ ಮೊದಲೇ ಅವನ ಹೆಂಡತಿ ಕಿಟಕಿಯ ಬ್ಲೈಂಡ್ ಪರದೆ ಇಳಿಸಿದಳು.