ನಾಲ್ಕೂ ಗಾಲಿ ಎಳೆಯುವ ಗಾಡಿ

ಯಂತ್ರದ ವಿಷಯ ಬಂದರೆ ನಾನು ತಲೆಯಾಡಿಸುವ ಮನುಷ್ಯ. ಮೇಸ್ತ್ರಿ ಬಾನೆಟ್ಟು ಎತ್ತಿ, ಒಳಗೆ ಬೆರಳು ತೋರಿಸಿ ಏನೋ ಹೇಳುತ್ತಾನೆ. ನಾನು ಬಗ್ಗಿ ನೋಡಿ, ಹುಬ್ಬು ಗಂಟಿಕ್ಕಿ, ಹೌದು ಹೌದು ಎನ್ನುತ್ತೇನೆ. ನನಗೆ ಕಂಡದ್ದು ಕರಿಯ ಎಣ್ಣೆಯಷ್ಟೇ. ನನ್ನ ರೋಗಿಗಳೂ ನನ್ನೆದುರು ಹೀಗೆಯೇ ತಲೆಯಾಡಿಸುತ್ತಾರಾದ್ದರಿಂದ ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲವೆಂದು ಬಹಳ ದಿನ ಸಮಾಧಾನ ಮಾಡಿಕೊಂಡಿದ್ದೆ. ಆದರೆ ಇಳಕಲ್ಲಿನಲ್ಲಿ ದವಾಖಾನೆ ತೆರೆದ ಎರಡನೆಯ ವರ್ಷ ಒಂದು ಗಾಡಿಯನ್ನು ನಾನೇ ಆರಿಸಬೇಕಾಗಿ ಬಂತು.

ಅಲ್ಲಿಯವರೆಗೆ ನನ್ನ ಬಳಿ ಇದ್ದದ್ದು ಒಂದು ಪುಟ್ಟ ಹಳೆಯ ಮೋಟಾರು. ಪೇಟೆಯಲ್ಲಿ ಚೆನ್ನಾಗಿಯೇ ಓಡುತ್ತಿತ್ತು. ಹುನಗುಂದ ದಾಟಿ ಎರೆ ಭೂಮಿ ಶುರುವಾದದ್ದೇ ಹೊಟ್ಟೆ ಊರಿ ಕೂತುಬಿಡುತ್ತಿತ್ತು. ಎರೆ ಮಣ್ಣಿನ ಗುಣ ಗೊತ್ತಿಲ್ಲದವರಿಗೆ ಹೇಳುತ್ತೇನೆ: ಮಳೆಯಲ್ಲಿ ಅದು ಅಂಟು, ಬಿಸಿಲಲ್ಲಿ ಕಲ್ಲು. ಹಸಿಯಿದ್ದಾಗ ಯಾರಾದರೂ ಹೆಜ್ಜೆಯಿಟ್ಟರೆ ಆ ಹೆಜ್ಜೆ ಒಣಗಿ ಮುಂದಿನ ಮಳೆಯವರೆಗೆ ಅಲ್ಲೇ ಇರುತ್ತದೆ, ಇಟ್ಟವನು ಇರಲಿ, ಬಿಡಲಿ. ಆ ವರ್ಷದ ಮಳೆಗಾಲದಲ್ಲಿ ಒಂದು ಹೆರಿಗೆಗೆ ಹೊರಟಾಗ ಮೋಟಾರು ಹುಗಿದು ನಿಂತಿತು. ಎರಡು ಹರದಾರಿ ಕೆಸರು ತುಳಿದು ನಾನು ತಲುಪಿದಾಗ ತಾಯಿ ಉಳಿದಿದ್ದಳು, ಕೂಸು ಉಳಿದಿರಲಿಲ್ಲ. ಯಾರೂ ನನ್ನನ್ನು ಏನೂ ಅನ್ನಲಿಲ್ಲ. ಕಾಲು ತೊಳೆಯಲು ನೀರು ಕೊಟ್ಟರು. ಮರುದಿನವೇ ನಾನು ಬೇರೆ ಗಾಡಿಯ ವಿಚಾರ ಶುರುಮಾಡಿದೆ.

ಆಗ ಯುದ್ಧದಲ್ಲಿ ದುಡಿದು ಬಂದ ಜೀಪುಗಳು ಅಲ್ಲಲ್ಲಿ ಸಿಗುತ್ತಿದ್ದವು. ಬಾಗಲಕೋಟೆಯ ಹುಸೇನಸಾಬ ಮೇಸ್ತ್ರಿ ದಂಡಿನ ಲಾರಿಗಳನ್ನು ರಿಪೇರಿ ಮಾಡಿದವನು. ಅವನನ್ನು ಜೊತೆಗಿಟ್ಟುಕೊಂಡು ಅಲ್ಲೇ ಒಂದು ಜೀಪು ನೋಡಿದೆ. ಹೊಸ ಹಸಿರು ಬಣ್ಣ, ಹೊಳೆಯುವ ದೀಪ. ನನಗೆ ಮನಸ್ಸು ಬಂತು.

"ಬಣ್ಣಾ ನೋಡಬ್ಯಾಡ್ರಿ ಡಾಕ್ಟರ. ಕೆಳಗ ಮಕ್ಕೊಂಡು ನೋಡ್ರಿ" ಎಂದ ಮೇಸ್ತ್ರಿ.

ಬಿಳಿ ಪಾಟಲೋನು ಹಾಕಿಕೊಂಡೇ ಅವನ ಪಕ್ಕದಲ್ಲಿ ಧೂಳಿನಲ್ಲಿ ಮಲಗಿದೆ. ಎಂದಿನಂತೆ ತಲೆಯಾಡಿಸಿದೆ.

"ಏನ್ ಹೌದ್ರಿ? ಮುಂದಿನ ಗಾಲಿಗೆ ಹೋಗೋ ದಂಡಾನ ಬಿಚ್ಚಿ ಇಟ್ಟಾರ. ಹೆಸರಿಗೆ ನಾಕು ಗಾಲಿ, ಎಳಿಯೋವು ಎರಡ. ಕೆಸರಾಗ ಇದು ನಿಮ್ಮ ಹಳೇ ಮೋಟಾರಿನ ತಮ್ಮ ಆಗತೈತಿ."

ಎರಡನೆಯ ಜೀಪು ಬದಾಮಿಯ ಹತ್ತಿರ ಚೊಳಚಗುಡ್ಡದಲ್ಲಿತ್ತು. ಹುನಗುಂದದಲ್ಲಿ ಬಹಳ ವರ್ಷ ಡಾಕ್ಟರಾಗಿದ್ದ ಗುರುರಾಯರದು ಅದು. ಅವರು ಆ ಮಳೆಗಾಲದ ಕೊನೆಗೆ ತೀರಿಕೊಂಡಿದ್ದರು. ಹೆಂಡತಿ ಅಣ್ಣನ ಮನೆಗೆ ಬಂದು, ಜೀಪನ್ನು ದನದ ಕೊಟ್ಟಿಗೆಯಲ್ಲಿ ಗೋಣಿತಾಟು ಹೊದಿಸಿ ನಿಲ್ಲಿಸಿದ್ದರು. ಬಣ್ಣ ಹೋಗಿತ್ತು, ಒಂದು ದೀಪ ಕುರುಡು, ಹಿಂದಿನ ಬಲಗಾಲಿಯ ಟೈರಿಗೆ ಅಂಗೈಯಗಲದ ತೇಪೆ. ಮೂರು ತಿಂಗಳು ಮುಟ್ಟದೆ ಬಿಟ್ಟಿದ್ದ ಗಾಡಿ. ಬ್ಯಾಟರಿ ಹಾಕಿ ಕೀಲಿ ತಿರುವಿದರೆ ಒಂದೇ ಸಲಕ್ಕೆ ಎದ್ದಿತು.

ಮೇಸ್ತ್ರಿ ಅರ್ಧ ತಾಸು ಅಡಿಯಲ್ಲಿ ಮಲಗಿದ್ದು ಹೊರಗೆ ಬಂದ. "ನಾಕೂ ಎಳಿತಾವ್ರಿ. ಇದರಷ್ಟು ನಂಬಿಗಸ್ತ ಗಾಡಿ ನಾ ನೋಡಿಲ್ಲ."

ಬಾಗಿಲಲ್ಲಿ ನಿಂತಿದ್ದ ಗುರುರಾಯರ ಹೆಂಡತಿ ಮೆಲ್ಲಗೆ ಹೇಳಿದರು: "ತಗೊಂಡು ಹೋಗ್ರಿ. ಆದ್ರ ಒಂದು ಮಾತು ಹೇಳಿರಬೇಕು. ಮರೋಳದ ಹಾದಿಯೊಳಗ ಅದು ಕೈಯಾಗ ನಿಲ್ಲೂದಿಲ್ಲಂತ. ಇವರು ಹೋದ ಹೊಸದಾಗ ಒಬ್ಬ ಡ್ರಾಯವ್ಹರ ಒಂದು ದಿನಾ ಒಯ್ದಿದ್ದ. ತಂದು ನಿಲ್ಲಿಸಿ ಓಡಿದಾಂವ, ಚಪ್ಪಲಿ ಇಲ್ಲೇ ಮರತಾನ, ಒಯ್ಲಿಕ್ಕೂ ಬಂದಿಲ್ಲ."

"ಸ್ಟಿಯರಿಂಗಿನಾಗ ಏನೂ ಇಲ್ರಿ ಅಕ್ಕಾರ" ಎಂದ ಮೇಸ್ತ್ರಿ. ನಾನು ನಕ್ಕೆ. ಕೊಟ್ಟಿಗೆಯ ಮೂಲೆಯಲ್ಲಿ ಆ ಚಪ್ಪಲಿಗಳು ಒಂದರ ಪಕ್ಕ ಒಂದು, ಬಾಗಿಲ ಕಡೆ ಮುಖ ಮಾಡಿ ಇದ್ದವು.

ವಿಜ್ಞಾನ ಓದಿದವನಿಗೆ ಇಂಥ ಮಾತು ನಾಟುವುದಿಲ್ಲ ಎಂಬುದು ವಿಜ್ಞಾನ ಓದದವರ ನಂಬಿಕೆ. ಐಹೊಳೆಯ ಹತ್ತಿರ ಮಲಪ್ರಭೆಯನ್ನು ನೀರಲ್ಲೇ ದಾಟಿ, ಉಸುಕನ್ನು ಉಗುಳುತ್ತ ಜೀಪು ಆಚೆ ದಂಡೆ ಏರಿದಾಗ ನಾನು ಹಿಗ್ಗಿದೆ. ಆದರೂ ಮುಂದಿನ ವಾರ ಮರೋಳದಿಂದ ಸಂಗಪ್ಪನೆಂಬ ಒಕ್ಕಲಿಗ ತಂದೆಯ ಜ್ವರಕ್ಕೆ ಕರೆಯಲು ಬಂದಾಗ, ಹುನಗುಂದ ದಾಟುತ್ತಲೇ ಎರಡೂ ಕೈಯಿಂದ ಸ್ಟಿಯರಿಂಗಿನ ಚಕ್ರ ಬಿಗಿಹಿಡಿದಿದ್ದೆ.

ಊರು ಇನ್ನು ಅರ್ಧ ಹರದಾರಿ ಇರುವಾಗ ಅದು ಆಯಿತು. ಚಕ್ರ ತಾನಾಗಿಯೇ ಎಡಕ್ಕೆ ತಿರುಗತೊಡಗಿತು. ಯಾರೋ ಆಚೆಯಿಂದ ನಿಧಾನವಾಗಿ, ಅವಸರವಿಲ್ಲದೆ ತಿರುವಿದ ಹಾಗೆ. ಬಲವಾಗಿ ಎಳೆದು ದಾರಿಗೆ ತಂದೆ. ಸಂಗಪ್ಪ ತಲೆ ತಗ್ಗಿಸಿ ಕೂತಿದ್ದ.

"ಆ ಕಡೆ ನೋಡಬ್ಯಾಡ್ರಿ ಸಾಹೇಬ್ರ. ಚನ್ನಬಸಪ್ಪ ಮಾಸ್ತರ ಹೊಲ ಅದು. ಕಾಶಿಗೆ ಹೋದಾಂವ ಅಲ್ಲೇ ಸತ್ತಾನಂತಾರ. ಮಟಮಟ ಮಧ್ಯಾಹ್ನದಾಗ ಹೊಲದ ಮನ್ಯಾಗ ಬಿಳೇ ಶಾಲು ಹೊತಗೊಂಡು ನಿಂದರತಾನ. ನಾವು ಯಾರೂ ಅಲ್ಲಿ ಕಾಲಿಡೂದಿಲ್ಲ. ಗುರುರಾವ ಡಾಕ್ಟರೂ ಕಂಡಿದ್ರು, ತಾವಾ ಬಾಯಿಲೆ ಹೇಳ್ಯಾರ."

ಮುದುಕನ ಜ್ವರ ನೋಡಿ, ಔಷಧ ಕೊಟ್ಟು, ನಾನೊಬ್ಬನೇ ತಿರುಗಿ ಹೊರಟಾಗ ಸೂರ್ಯ ನೆತ್ತಿಯ ಮೇಲಿದ್ದ. ಆ ಜಾಗ ಬಂದಾಗ ಏಕೆ ಹಾಗೆ ಮಾಡಿದೆನೋ, ಈಗಲೂ ಸರಿಯಾಗಿ ಹೇಳಲಾರೆ: ವೇಗ ಇಳಿಸಿ ಕೈ ಸಡಿಲಬಿಟ್ಟೆ. ಜೀಪು ತಿರುಗಿ ಜೋಳದ ಹೊಲಗಳ ನಡುವೆ ಇಳಿಯಿತು. ಎರಡೂ ಕಡೆ ಆಳೆತ್ತರದ ಬಿಳಿಜೋಳ. ಗಾಳಿಯಿರಲಿಲ್ಲ, ಆದರೂ ಒಣಗುತ್ತಿದ್ದ ಎಲೆಗಳ ರವದಿ ಒಂದಕ್ಕೊಂದು ಉಜ್ಜುತ್ತಿತ್ತು. ನಾನು ಚಕ್ರ ಮುಟ್ಟಿರಲಿಲ್ಲ. ತಿರುವು ಬಂದಲ್ಲಿ ಅದು ತಿರುಗಿತು, ನೇರವಿದ್ದಲ್ಲಿ ನೇರ ಹೋಯಿತು.

ಬ್ರೇಕು ತುಳಿದು ಕೆಳಗಿಳಿದೆ. ನೆಲದಲ್ಲಿ ಎರಡು ಆಳವಾದ ಜಾಡುಗಳಿದ್ದವು. ಚಕ್ಕಡಿಯವಲ್ಲ, ಅಗಲವಾದವು. ಮಳೆಯಲ್ಲಿ ಬಿದ್ದು, ಒಣಗಿ, ಕಲ್ಲಾದವು. ನನ್ನ ಗಾಲಿಗಳು ಅವುಗಳಲ್ಲಿ ಕೂತಿದ್ದವು. ಇಷ್ಟೇ ತಾನೆ ಎಂದು ಉಸಿರುಬಿಟ್ಟು ಬಗ್ಗಿ ನೋಡಿದೆ. ಜಾಡಿನ ತಳದಲ್ಲಿ ಟೈರಿನ ಅಚ್ಚು ಹಾಗೇ ಉಳಿದಿತ್ತು. ಬಲಗಡೆಯ ಜಾಡಿನಲ್ಲಿ ಸುಮಾರು ಒಂದೊಂದು ಮಾರು ದೂರಕ್ಕೆ ಅಂಗೈಯಗಲದ ಒಂದು ತೇಪೆಯ ಗುರುತು. ತಿರುಗಿ ನನ್ನ ಜೀಪಿನ ಹಿಂದಿನ ಬಲಗಾಲಿ ನೋಡಿದೆ. ಅದೇ ತೇಪೆ. ಸತ್ತ ಮನುಷ್ಯ ಹೋಗುತ್ತಿದ್ದ ಹಾದಿಯಲ್ಲಿ ಅವನ ಗಾಡಿ ನನ್ನನ್ನು ಒಯ್ಯುತ್ತಿತ್ತು. ಕಾರಣ ತಿಳಿದಮೇಲೆ ಹೆದರಿಕೆ ಹೋಗಬೇಕಾಗಿತ್ತು. ಬೆನ್ನ ಮೇಲೆ ಬಿಸಿಲು ಸುಡುತ್ತಿದ್ದರೂ ಮುಂಗೈ ಕೂದಲು ಎದ್ದುನಿಂತಿದ್ದವು.

ಜಾಡು ಮುಗಿದದ್ದು ಒಂದು ಕಲ್ಲಿನ ಮನೆಯ ಮುಂದೆ. ಕಟ್ಟೆಯ ಮೇಲೆ ಒಬ್ಬ ಮುದುಕಿ ಕೂತಿದ್ದಳು. ಪಕ್ಕದಲ್ಲಿ ತುಂಬಿದ ತಂಬಿಗೆ. ಕಣ್ಣಲ್ಲಿ ಬಿಳಿಯ ಪೊರೆ.

"ಬಂದ್ಯಾ ಡಾಕ್ಟರಪ್ಪಾ? ಕಾಲಿಗೆ ನೀರು ತಗೋ. ಅವನ ಗುಳಿಗಿ ತೀರಿ ಭಾಳ ದಿನಾ ಆತು" ಎಂದಳು.

ಎರಡು ಹೆಜ್ಜೆ ಮುಂದೆ ಇಟ್ಟೆ. ಒಳಗಿನ ಕತ್ತಲೆಯಿಂದ ಒಂದು ಶಾಂತವಾದ ದನಿ ಬಂತು:

"ಅವ್ವಾ, ಗಾಡಿ ಅವರದ. ಹೆಜ್ಜಿ ಅವರದಲ್ಲ."

ಬಾಗಿಲಿಗೆ ಬಂದು ನಿಂತವನು ತಲೆಯ ಮೇಲಿಂದ ಬಿಳಿಯ ಶಾಲು ಹೊದ್ದಿದ್ದ. ಹುಬ್ಬಿರಲಿಲ್ಲ. ಕಿವಿ ದಪ್ಪವಾಗಿ ಇಳಿಬಿದ್ದಿತ್ತು. ಕೈಮೇಲೆ ಒಲೆಯಲ್ಲಿ ಸುಟ್ಟ ಗಾಯ, ಅದರ ನೋವು ಅವನಿಗೆ ತಿಳಿದಂತೆಯೇ ಇರಲಿಲ್ಲ. ನೋಡಿದ ಕೂಡಲೆ ನನಗೆ ರೋಗ ಗೊತ್ತಾಯಿತು. ಕುಷ್ಠ. ದೆವ್ವವಲ್ಲ ಎಂದು ಸಮಾಧಾನವಾಗಬೇಕಾದ ಹೊತ್ತಿನಲ್ಲಿ ನಾನು ಎರಡು ಹೆಜ್ಜೆ ಹಿಂದೆ ಸರಿದೆ.

ಚನ್ನಬಸಪ್ಪ ಮಾಸ್ತರರು ಅದನ್ನು ಕಂಡರು. "ಗುರುರಾಯರು?" ಎಂದಷ್ಟೇ ಕೇಳಿದರು.

"ತೀರಿಕೊಂಡರು. ಮಳಿಗಾಲದ ಕೊನಿಗೆ. ನಾ ಇಳಕಲ್ಲ ಡಾಕ್ಟರ."

ಮುದುಕಿ ನನ್ನ ಕಡೆ ಮುಖ ತಿರುಗಿಸಿದಳು. "ಹಂಗಾದ್ರ ಬುಧವಾರಕ್ಕೊಮ್ಮೆ ನಾ ಕೇಳ್ತಿದ್ದ ಸಪ್ಪಳಾ ಯಾರ ಗಾಡೀದು? ಜೋಳದಾಗ ಬರತಿತ್ತು, ಅಲ್ಲೇ ನಿಲ್ಲತಿತ್ತು. ಇಳದು ಬರವಲ್ಲ ಯಾಕ ಅಂತ ನಾ ದಿನಾ ಬೈದೇನಿ ಡಾಕ್ಟರಪ್ಪಗ."

ಆ ಮೂರು ತಿಂಗಳು ಜೀಪು ಚೊಳಚಗುಡ್ಡದ ಕೊಟ್ಟಿಗೆಯಲ್ಲಿ, ಬ್ಯಾಟರಿಯೂ ಇಲ್ಲದೆ ನಿಂತಿತ್ತು. ನಾನು ಅದನ್ನು ಹೇಳಲಿಲ್ಲ. ಆವತ್ತು ಯಾವ ವಾರವೆಂದು ಲೆಕ್ಕ ಹಾಕಿದೆ. ಬುಧವಾರ.

"ಪೆಟ್ಟಿಗಿ ಗಾಡ್ಯಾಗ ಐತಿ, ತರ್ತೇನಿ" ಎಂದು ಹೊರಗೆ ಬಂದೆ. ಆದರೆ ಪೆಟ್ಟಿಗೆ ತೆಗೆದುಕೊಳ್ಳಲಿಲ್ಲ. ಸೀಟಿನ ಮೇಲೆ ಕೂತು ಕೀಲಿ ತಿರುವಿದೆ. ಒಪ್ಪಿಕೊಳ್ಳುತ್ತೇನೆ, ನಾನು ಹೊರಟುಬಿಡುವವನಿದ್ದೆ. ಮನೆಯಲ್ಲಿ ಎಳೆಯ ಮಗಳಿದ್ದಾಳೆ ಎಂದುಕೊಂಡೆ. ಈ ರೋಗಕ್ಕೆ ಬೇರೆ ಆಸ್ಪತ್ರೆಗಳಿವೆ ಎಂದುಕೊಂಡೆ. ಇಲ್ಲಿಗೆ ಬಂದದ್ದು ಯಾರಿಗೂ ಗೊತ್ತಿಲ್ಲ. ಜೀಪು ಒಂದೇ ಸಲಕ್ಕೆ ಎದ್ದಿತು. ನಾಲ್ಕೂ ಗಾಲಿಗಳು ನಾನು ಹೇಳಿದ ಕಡೆ ಹೋಗಲು ಸಿದ್ಧವಾಗಿದ್ದವು. ನಂಬಿಗಸ್ತ ಗಾಡಿಯ ತೊಂದರೆಯೇ ಇದು, ಅದು ಮನುಷ್ಯನಿಗೆ ನೆಪ ಕೊಡುವುದಿಲ್ಲ. ಹಳೆಯ ಮೋಟಾರು ಆಗಿದ್ದರೆ ಕೆಟ್ಟು ನಿಂತು ನನ್ನ ಮಾನ ಉಳಿಸುತ್ತಿತ್ತು. ಕಟ್ಟೆಯ ಮೇಲೆ ಮುದುಕಿ ಆ ಸಪ್ಪಳ ಕೇಳುತ್ತ ಕೂತಿದ್ದಳು. ಮುಖದಲ್ಲಿ ಸಿಟ್ಟಿರಲಿಲ್ಲ. ಬಂದು ಹೋಗುವ ಗಾಡಿ ಅವಳಿಗೆ ರೂಢಿಯಾಗಿತ್ತು.

ಎಂಜಿನ್ನು ಬಂದ್ ಮಾಡಿದೆ. ಪೆಟ್ಟಿಗೆ ತೆಗೆದುಕೊಂಡು ಒಳಗೆ ಹೋಗಿ ಮಾಸ್ತರರ ಸುಟ್ಟ ಕೈಯನ್ನು ನನ್ನ ಕೈಯಲ್ಲಿ ಹಿಡಿದೆ.

ಗಾಯ ಕಟ್ಟುವಾಗ ಅವರು ಎಲ್ಲ ಹೇಳಿದರು. ರೋಗ ಕಾಣಿಸಿದಾಗ ಸಾಲೆ ಬಿಟ್ಟು, ಕಾಶಿಗೆ ಹೋಗುತ್ತೇನೆಂದು ಊರಿಗೆ ಸುಳ್ಳು ಹೇಳಿ ಹೊಲದ ಮನೆ ಸೇರಿದ್ದರು. ತಾಯಿ ಹಟ ಹಿಡಿದು ಜೊತೆಗೆ ಬಂದಳು. ಹೆಂಡತಿ ನೀಲವ್ವ ಊರಲ್ಲಿ ಉಳಿದು ಕಾಳುಕಡಿ ಒದಗಿಸುತ್ತಿದ್ದಳು, ಗುರುರಾಯರು ಹೋದ ಸುದ್ದಿ ಅವಳಿಗೂ ಮುಟ್ಟಿರಲಿಲ್ಲ. ಹೊಸದಾಗಿ ಬಂದ ಗುಳಿಗೆಗಳನ್ನು ಗುರುರಾಯರು ವಾರವಾರ ತಂದು ಕೊಡುತ್ತಿದ್ದರು. ಜನ ಇತ್ತ ಬರಬಾರದೆಂದು ದೆವ್ವದ ಕಥೆ ಹುಟ್ಟಿಸಿದವರೂ ಅವರೇ. "ಆ ಕಥಿ ಹೇಳಿ ಬಂದ ದಿನಾ ಇಲ್ಲಿ ಕೂತು ಹೊಟ್ಟಿ ಹಿಡಕೊಂಡು ನಗತಿದ್ರು" ಎಂದರು ಮಾಸ್ತರರು.

ಅಂದಿನಿಂದ ಬುಧವಾರ ನನ್ನದಾಯಿತು. ಒಮ್ಮೆ ಚೊಳಚಗುಡ್ಡಕ್ಕೆ ಹೋಗಿ ಗುರುರಾಯರ ಹೆಂಡತಿಗೆ ತಿಳಿಸಿದೆ. ಅವರು ಸೆರಗಿನಿಂದ ಮುಖ ಒರಸಿಕೊಂಡು, "ಬುಧವಾರ ಬುತ್ತಿಯೊಳಗ ಎರಡು ಹೋಳಿಗಿ ಹೆಚ್ಚಿಗಿ ಕಟ್ಟು ಅಂತಿದ್ರು. ಯಾರಿಗೆ ಅಂತ ನಾ ಕೇಳಲಿಲ್ಲ" ಎಂದರು.

ಮೂರನೆಯ ವರ್ಷ ಮಾಸ್ತರರ ಮೈಮೇಲೆ ಹೊಸ ಕಲೆಗಳು ಏಳುವುದು ನಿಂತಿತು. ಹುಬ್ಬು ಬರಲಿಲ್ಲ, ಎರಡು ಬೆರಳು ನೆಟ್ಟಗಾಗಲಿಲ್ಲ. ಇನ್ನು ಯಾರಿಗೂ ಇವರಿಂದ ಭಯವಿಲ್ಲವೆಂದು ನಾನು ಖಾತ್ರಿಯಾಗಿ ಹೇಳಬಹುದಾಗಿತ್ತು. ಹೇಳಿದೆ. ಅವರು ಒಂದು ವಾರ ವಿಚಾರಮಾಡಿ, "ಊರಿಗೆ ಕರಕೊಂಡು ಹೋಗ್ರಿ. ಬೆಳಕಿನಾಗ, ಎಲ್ಲಾರೂ ನೋಡೂ ಹಂಗ" ಎಂದರು.

ತಾಯಿಯನ್ನು ಹಿಂದೆ ಕೂರಿಸಿ, ಮಾಸ್ತರರನ್ನು ನನ್ನ ಪಕ್ಕದಲ್ಲಿ ಕೂರಿಸಿಕೊಂಡು ಮಧ್ಯಾಹ್ನ ಮರೋಳಕ್ಕೆ ಹೋದೆ. ಶಾಲು ತಲೆಯ ಮೇಲಿರಲಿಲ್ಲ. ಓಣಿಯಲ್ಲಿ ಒಬ್ಬೊಬ್ಬರೇ ಬಾಗಿಲು ಹಾಕಿಕೊಂಡರು. ಕಿಟಕಿಯ ಸಂದಿನಿಂದ ಕಣ್ಣುಗಳು ಕಂಡವು. ಅಷ್ಟು ಜನರಿರುವ ಊರು ಅಷ್ಟು ನಿಶ್ಶಬ್ದವಾದದ್ದನ್ನು ನಾನು ಮತ್ತೆಲ್ಲೂ ಕಂಡಿಲ್ಲ. ಜೋಳದ ಹೊಲಕ್ಕಿಂತ ಹೆಚ್ಚಿನ ಭಯ ನನಗೆ ಅಲ್ಲಿ ಆಯಿತು.

ಮಾಸ್ತರರ ಮನೆಯೆದುರಿನ ಕಟ್ಟೆಯ ಮೇಲೆ ಸಂಗಪ್ಪ ಮಾತ್ರ ಎದ್ದು ಓಡಲಾರದೆ ಕೂತಿದ್ದ. ಮಾಸ್ತರರು ಇಳಿದು ಅವನ ಮುಂದೆ ನಿಂತರು.

"ಸಂಗಪ್ಪ, ನಾ ಸತ್ತಿಲ್ಲಪಾ. ಕಾಶಿಗೂ ಹೋಗಿದ್ದಿಲ್ಲ. ದೊಡ್ಡ ಬ್ಯಾನಿ ಆಗಿತ್ತು, ಹೊಲದಾಗಿದ್ದೆ. ಈಗ ಆರಾಮ ಆಗೇತಿ. ಡಾಕ್ಟರನ್ನ ಕೇಳು."

ಸಂಗಪ್ಪ ನನ್ನನ್ನು ನೋಡಿದ. ನಾನು ತಲೆಯಾಡಿಸಲಿಲ್ಲ, ಬಾಯಿಬಿಟ್ಟು ಹೇಳಿದೆ: "ಖರೆ. ನಾನ ಔಷಧ ಕೊಟ್ಟೇನಿ. ಇನ್ನ ಅಂಜಿಕಿ ಇಲ್ಲ."

ನೀಲವ್ವ ಹೊಸ್ತಿಲಲ್ಲಿ ನಿಂತಿದ್ದಳು. ಗಂಡನ ಕಾಲಿಗೆ ನೀರು ಕೊಟ್ಟಳು, ಅತ್ತೆಯನ್ನು ಕೈಹಿಡಿದು ಒಳಗೆ ಕರೆದೊಯ್ದಳು. ಹೊರಗಿನವರಿಗೆ ಕಾಣುವ ಹಾಗೆ ಪಡಸಾಲೆಯಲ್ಲೇ ತಾಟು ಹಾಕಿದಳು, ಮಾಸ್ತರರಿಗೊಂದು, ನನಗೊಂದು. ನಾನು ಅವರ ಪಕ್ಕದಲ್ಲಿ ಕೂತೆ. ಅವಳು ಮೂರನೆಯ ತಾಟು ಇಟ್ಟು ಹೊರಗೆ ನೋಡಿದಳು.

"ಸಂಗಪ್ಪಣ್ಣ, ನಿನಗೂ ಹಾಕಲ್ಯಾ?"

"ನನ್ನ ಊಟ ಆಗೇತಿ ಯವ್ವಾ."

ಮಾಸ್ತರರು ನೆಟ್ಟಗಾಗದ ಬೆರಳುಗಳಿಂದ ರೊಟ್ಟಿ ಮುರಿಯಲು ಹೆಣಗುತ್ತಿದ್ದರು. ಸಂಗಪ್ಪ ಅದನ್ನೇ ನೋಡುತ್ತಿದ್ದ. ತುಸು ಹೊತ್ತಾದ ಮೇಲೆ ಎದ್ದ, ಓಣಿಯ ಆ ತುದಿ ಈ ತುದಿ ನೋಡಿದ, ಒಳಗೆ ಬಂದು ಅವರ ಇನ್ನೊಂದು ಪಕ್ಕದಲ್ಲಿ ಕೂತ.

"ಅರ್ಧ ರೊಟ್ಟಿ ಹಾಕು" ಎಂದ.

ಅರ್ಧ ರೊಟ್ಟಿಗೆಂದು ಕೂತವನು ಮೂರು ತಿಂದ. ಅಂಜಿಕೆಯೂ ಹಸಿವೂ ಒಂದೇ ಹೊಟ್ಟೆಯಲ್ಲಿ ಬಹಳ ಹೊತ್ತು ಕೂಡಿ ಇರಲಾರವೆಂದು ಆಮೇಲೆ ಎಷ್ಟೋ ಸಲ ಅಂದುಕೊಂಡಿದ್ದೇನೆ. ಆವತ್ತು ಮಾತ್ರ, ಬದನೆಕಾಯಿ ಪಲ್ಯ ಚೆನ್ನಾಗಿದೆ, ಇನ್ನೊಮ್ಮೆ ಕೇಳಲೇ ಬೇಡವೇ ಎಂಬುದೊಂದೇ ನನ್ನ ಚಿಂತೆಯಾಗಿತ್ತು.