ಎಡಮೂಲೆಯವನ ಕೈ

ಹುತುತು ಆಟದಲ್ಲಿ ಚಪ್ಪಾಳೆ ಬೀಳುವುದು ದಾಳಿ ಮಾಡಿ ಬರುವವನಿಗೆ. ಎದುರಾಳಿಯ ಕಾಲಿಗೆ ಬಿದ್ದು, ಮಣ್ಣು ತಿಂದು ಏಳುವ ಮೂಲೆಯವನನ್ನು ಯಾರೂ ನೋಡುವುದಿಲ್ಲ. ಎರಡನೆಯ ಮಹಾಯುದ್ಧ ಶುರುವಾಗುವ ಮುಂಚೆ, ಕಾಲೇಜಿನಲ್ಲಿ ಎರಡು ವರ್ಷ ಎಡಮೂಲೆಯಲ್ಲಿ ನಿಂತು ನಾನು ತಿಂದದ್ದು ಆ ಮಣ್ಣನ್ನೇ. ಹಾನಗಲ್ಲ ಕಡೆಯ ಗದ್ದೆಯಲ್ಲಿ ಬೆಳೆದ ದಪ್ಪ ಮೈ. ಹುಡುಗರು ನನ್ನನ್ನು ‘ಗ್ವಾಡಿ’ ಎಂದು ಕರೆಯುತ್ತಿದ್ದರು. ಗೋಡೆಗೂ ಒಂದು ಮರ್ಯಾದೆ ಇದೆ ಎಂದುಕೊಂಡಿದ್ದೆ, ದಡ್ಡ.

ಆಟದಲ್ಲಿ ನನ್ನ ಪಕ್ಕಕ್ಕೆ ನಿಲ್ಲುತ್ತಿದ್ದವನು ಸವಣೂರಿನ ಗೆಳೆಯ. ಇಬ್ಬರದೂ ಒಂದೇ ಕೋಣೆ. ಅವ್ವ ಕಳಿಸಿದ ರೊಟ್ಟಿಯಲ್ಲಿ ಅರ್ಧ ಅವನಿಗೇ. ಕೈ ಹಿಡಿದು ನಿಲ್ಲುವುದನ್ನು ನಮ್ಮೂರ ಗರಡಿಯ ಉಸ್ತಾದರು ಕಲಿಸಿದಂತೆ ನಾನು ಅವನಿಗೆ ಕಲಿಸಿದ್ದೆ. “ಬೆರಳ ಹಿಡೀಬ್ಯಾಡ್ರಿ, ಒಬ್ಬಾಂವ ಬಿಟ್ರ ಬಿಚ್ಚಿತು. ಒಬ್ಬರದೊಬ್ಬರು ಮಣಿಕಟ್ಟ ಹಿಡೀರಿ, ಇಬ್ಬರೂ ಬಿಟ್ರನ ಬಿಚ್ಚತೈತಿ,” ಎನ್ನುತ್ತಿದ್ದರು ಉಸ್ತಾದರು.

ಆ ವರ್ಷ ಪುಣೆಯ ಪಂದ್ಯಕ್ಕೆ ಹೋಗುವ ತಂಡದವರಿಗೆ ಫೀ ಮಾಫಿ ಎಂದು ಕಾಲೇಜಿನವರು ಹೇಳಿದ್ದರು. ಅಪ್ಪನದು ಒಂದೇ ಮಾತು: “ಮಾಫಿ ಆದ್ರ ಓದು. ಇಲ್ಲಂದ್ರ ಬಂದು ನೇಗಿಲ ಹಿಡಿ.” ನನಗೆ ಓದಬೇಕಿತ್ತು. ಬೇರೆ ಯಾವುದನ್ನೂ ನಾನು ಅಷ್ಟು ಆಸೆಪಟ್ಟಿರಲಿಲ್ಲ.

ತಂಡ ಆರಿಸುವ ಮುನ್ನ ಶಿಗ್ಗಾಂವಿಯಲ್ಲಿ ಹಿರೇಕೆರೂರಿನ ಹುಡುಗರ ಜೊತೆ ಒಂದು ಆಟ ಇಟ್ಟರು. ಕೊನೆಗೆ ನಮ್ಮ ಕಡೆ ಉಳಿದವರು ನಾವಿಬ್ಬರೇ. ಎದುರಿನವರ ಎತ್ತಿನಂಥ ಆಳು ಹುತುತು ಎನ್ನುತ್ತ ಒಳಗೆ ಬಂದ. ಗೆಳೆಯನ ಕಡೆ ಕೈ ಚಾಚಿದೆ. ಅವನು ಬೆರಳು ಮಾತ್ರ ಕೊಟ್ಟ.

“ಮಣಿಕಟ್ಟ ಹಿಡಿಯೋ,” ಎಂದೆ.

“ಬೆವತೈತಿ, ಇರಲಿ ಬಿಡು.”

ಇರಲಿ ಎಂದುಕೊಂಡೆ. ನಾನು ಆಳಿನ ಕಾಲಿಗೆ ಬಿದ್ದು ಇನ್ನೊಂದು ಕೈಯಿಂದ ಹಿಡಿದೆ. ಗೆಳೆಯ ನನ್ನನ್ನು ಹಿಂದಕ್ಕೆ ಎಳೆದಿದ್ದರೆ ಆಳಿನ ಉಸಿರು ಅಲ್ಲೇ ಮುಗಿಯುತ್ತಿತ್ತು. ಗೆಳೆಯನ ಬೆರಳು ಜಾರಲಿಲ್ಲ, ಬಿಚ್ಚಿಕೊಂಡವು. ಜಾರುವುದಕ್ಕೂ ಬಿಚ್ಚುವುದಕ್ಕೂ ಇರುವ ವ್ಯತ್ಯಾಸ ನನ್ನ ಕೈಗೆ ಗೊತ್ತು. ಆಳು ನನ್ನನ್ನು ಎಳೆದುಕೊಂಡೇ ಹೋಗಿ ನಡುಗೆರೆ ಮುಟ್ಟಿದ. ನಾನು ಔಟು. ಒಂಟಿಯಾಗಿ ಉಳಿದ ಗೆಳೆಯನೂ ಮರುಕ್ಷಣ ಔಟಾದ, ಆಟ ಹೋಯಿತು.

ತಂಡ ಆರಿಸುವ ನಮ್ಮ ಆಟದ ಸರ್ ಬಂದು ಕೇಳಿದರು: “ಕೈ ಯಾರು ಬಿಟ್ರಿ?”

ಗೆಳೆಯ ತಡಮಾಡಲಿಲ್ಲ. “ಇಂವನ ಬಿಟ್ಟಾನ್ರಿ ಸರ.”

ಹೆದರಿ ಹೇಳಿದ್ದಾನೆ, ಆಮೇಲೆ ತಾನೇ ಹೋಗಿ ನಿಜ ಹೇಳುತ್ತಾನೆ ಎಂದು ಕಾದೆ. ಮೂರನೆಯ ದಿನ ಪಟ್ಟಿ ಹಚ್ಚಿದರು. ಅವನ ಹೆಸರಿತ್ತು, ನನ್ನದಿರಲಿಲ್ಲ. ಸರ್ ಹತ್ತಿರ ಓಡಿದೆ.

“ಇದ್ದದ್ದು ಒಂದ ಜಾಗಾ. ನಿಮ್ಮಿಬ್ಬರೊಳಗ ಚೊಲೊ ಆಡಿದಾಂವಗ ಅಂತ ಅವತ್ತು ಮುಂಜಾನೇನ ಅಂವನ ಕಡೆ ಹೇಳಿ ಕಳಿಸಿದ್ದೆ. ಅಂವ ನಿನಗ ಹೇಳಲಿಲ್ಲೇನು?”

ಮುಂಜಾನೆ ಅವನು ನನ್ನ ಗಂಟು ಬಿಚ್ಚಿ ಶೇಂಗಾ ಚಟ್ನಿ ಹಚ್ಚಿಕೊಂಡು ರೊಟ್ಟಿ ತಿಂದಿದ್ದ. ತಿನ್ನುವಾಗಲೇ ಅವನಿಗೆ ಎಲ್ಲ ಗೊತ್ತಿತ್ತು. ಆ ನೀಚತನವನ್ನು ಇವತ್ತಿಗೂ ನಾನು ಕ್ಷಮಿಸಿಲ್ಲ, ಕ್ಷಮಿಸುವ ದೊಡ್ಡತನ ನನಗೆ ಬೇಡವೂ ಬೇಡ.

ನಾನು ಊರಿಗೆ ಬಂದು ನೇಗಿಲ ಹಿಡಿದೆ. ಪಟ್ಟಿ ಹಚ್ಚಿದ ಮೇಲೆ ಹೇಳಿದರೆ ಹೊಟ್ಟೆಕಿಚ್ಚು ಎನ್ನುತ್ತಾರೆಂದು ನಡೆದದ್ದನ್ನು ಸರ್‌ಗೂ ಹೇಳಿರಲಿಲ್ಲ, ಮನೆಯಲ್ಲೂ ಹೇಳಲಿಲ್ಲ. ಜಾಗ ಸಿಗಲಿಲ್ಲ ಎಂದಷ್ಟೇ ಹೇಳಿದೆ. ಪುಣೆಯಿಂದ ಮರಳಿದ ಮೇಲೆ ಅವನು ನಮ್ಮ ಮನೆಗೇ ಬಂದ, ಅವ್ವನ ಕಾಲಿಗೆ ಬಿದ್ದ. ಅವ್ವ ಹೋಳಿಗೆ ಮಾಡಿದಳು. ಉಂಡು ಕೈ ತೊಳೆಯುತ್ತ ಅಪ್ಪನಿಗೆ ಹೇಳಿದ: “ಅವತ್ತು ಇಂವ ಕೈ ಬಿಡಬಾರದಿತ್ತ್ರಿ ಕಾಕಾ. ನನಗ ಭಾಳ ಕೆಟ್ಟ ಅನಿಸತೈತಿ.”

ಅವನನ್ನು ಬಸ್ಸಿಗೆ ಹತ್ತಿಸಿ ಬಂದ ಅಪ್ಪ ನನ್ನ ಎದುರು ಕುಳಿತ.

“ಯಾಕ ಬಿಟ್ಟಿ?”

“ನಾ ಬಿಡಲಿಲ್ಲಪ್ಪಾ. ಅಂವ ಬಿಟ್ಟಾ.” ಮೊದಲ ಸಲ ನನ್ನ ಬಾಯಿಂದ ಆ ಮಾತು ಬಂದಿತ್ತು.

“ನಮ್ಮ ಮನ್ಯಾಗ ಉಂಡು ಹ್ವಾದಾಂವನ ಮ್ಯಾಲ ಸುಳ್ಳು ಹೇಳಬ್ಯಾಡ,” ಎಂದು ಹೇಳಿ ಅಪ್ಪ ಎದ್ದು ಹೋದ.