ಹದಿಮೂರು ಬಾವಿಗಳ ನಾಡಿ ಹಿಡಿದ ಮೂಗಮ್ಮ

"ಶ್... ಒಂದ್ನಿಮ್ಸ ಮಾತಾಡ್ಬ್ಯಾಡಿ ಸಾ."

ಬೆಳಗಿನ ಐದೂ ಮುಕ್ಕಾಲು. ನಾಗಮಂಗಲ ತಾಲ್ಲೂಕಿನ ಬಿಂಡಿಗನವಿಲೆಯಲ್ಲಿ ಇನ್ನೂ ಕೋಳಿಗಳದ್ದೇ ಸದ್ದು. ಹಳೆಯ ಕಲ್ಲುಬಾವಿಯೊಂದರ ಕಟ್ಟೆಗೆ ಎದೆಯಾನಿಸಿ ಬಗ್ಗಿರುವ ಮೂಗಮ್ಮ, ಎಡಗೈಯಲ್ಲಿ ಟೇಪಿನ ಸುರುಳಿ ಹಿಡಿದು ಬಲಗೈಯಿಂದ ಅದನ್ನು ಮೆಲ್ಲಗೆ ಕೆಳಗೆ ಬಿಡುತ್ತಿದ್ದಾರೆ. ಟೇಪಿನ ತುದಿಗೆ ಹೆಬ್ಬೆರಳು ಗಾತ್ರದ ಕಬ್ಬಿಣದ ತುಂಡು. ಕತ್ತಲಲ್ಲಿ ಅದು ಎಲ್ಲಿಗೆ ಇಳಿಯಿತೆಂದು ಕಾಣದು. ಕಾಣಲೆಂದು ಅವರೂ ಕಾಯುತ್ತಿಲ್ಲ, ಕಣ್ಣು ಮುಚ್ಚಿಕೊಂಡಿದ್ದಾರೆ.

ಗುಳುಕ್.

"ಬಂತು!" ಎನ್ನುತ್ತಾರೆ. ಟೇಪನ್ನು ಎರಡು ಬೆರಳಷ್ಟು ಎತ್ತಿ ಮತ್ತೆ ಬಿಡುತ್ತಾರೆ. ಗುಳುಕ್. ಮೂರನೆಯ ಸಲವೂ ಅದೇ. ಆಮೇಲೆ ಟಾರ್ಚು ಹಾಕಿ, ಕಟ್ಟೆಯ ಮೇಲಿನ ಕೆಂಪು ಬಣ್ಣದ ಗುರುತಿಗೆ ಟೇಪು ಹಿಡಿದು ಓದುತ್ತಾರೆ. "ಒಂಬತ್ತು ಮೀಟ್ರು ನಲವತ್ತೆರಡು ಸೆಂಟಿಮೀಟ್ರು. ನೆನ್ನೆ ನಲವತ್ತೊಂದಿತ್ತು. ಭೂಮ್ತಾಯಿ ಅರಾಮಾಗವ್ಳೆ."

ನಾನೂ ಒಮ್ಮೆ ಟೇಪು ಬಿಟ್ಟು ನೋಡಿದೆ. ಸದ್ದು ಕೇಳಿತೆಂದು ನಿಲ್ಲಿಸಿದಾಗ ಕಬ್ಬಿಣ ಆರು ಸೆಂಟಿಮೀಟರ್ ಮುಳುಗಿಹೋಗಿತ್ತು. ಮೂಗಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು.

ಐವತ್ತಾರು ವರ್ಷದ ಮೂಗಮ್ಮ ಅಳೆಯುವುದು ಬಾವಿಯ ನೀರನ್ನು. ಹುಡುಕುವುದು ಭೂಕಂಪದ ಮುನ್ಸೂಚನೆಯನ್ನು! ಭೂಮಿ ನಡುಗುವ ಮೊದಲು ಆಳದ ಬಂಡೆಗಳ ಮೇಲೆ ಒತ್ತಡ ಏರುತ್ತದೆ, ಆಗ ಸಣ್ಣ ಸೀಳುಗಳು ತೆರೆಯಬಹುದು, ಮುಚ್ಚಬಹುದು, ಅಲ್ಲಿನ ನೀರು ಇಳಿಯಬಹುದು ಇಲ್ಲವೇ ಏರಬಹುದು. ಹಾಗಾದರೆ ಬಾವಿಗಳು ಮೊದಲೇ ಏನಾದರೂ ಹೇಳುತ್ತವೆಯೇ? ಈ ಪ್ರಶ್ನೆ ಹಿಡಿದು ಮೈಸೂರಿನಿಂದ ಬಂದ ಭೂವಿಜ್ಞಾನ ಸಂಶೋಧಕ ಶಿವಪ್ರಕಾಶ್ ನಾಲ್ಕು ವರ್ಷಗಳ ಹಿಂದೆ ನಾಗಮಂಗಲ, ಕೆ.ಆರ್. ಪೇಟೆ, ಪಾಂಡವಪುರ, ಶ್ರೀರಂಗಪಟ್ಟಣದಲ್ಲಿ ಯಾರೂ ನೀರು ಸೇದದ ಹದಿಮೂರು ಬಾವಿಗಳನ್ನು ಆರಿಸಿಕೊಂಡರು. ಅಳೆಯಲು ಒಂಬತ್ತು ಜನರನ್ನು ನೇಮಿಸಿದರು. ದಿನವೂ ಅದೇ ಬಾವಿ, ಅದೇ ಅಂಕಿ. ಬೇಸರ ಬಂದು ಒಬ್ಬೊಬ್ಬರೇ ಬಿಟ್ಟರು. ಉಳಿದವರು ಮೂಗಮ್ಮ ಒಬ್ಬರೇ.

ಅವರು ಈ ಕೆಲಸಕ್ಕೆ ಸೇರಿದ್ದೂ ಒಂದು ಎಡವಟ್ಟಿನಿಂದ. ಶಿವಪ್ರಕಾಶ್ ತಂದಿದ್ದ ಟೇಪಿನ ತೂಕದ ಗುಂಡು ಮೊದಲ ವಾರವೇ ಕಳಚಿ ಬಾವಿ ಸೇರಿತು. ಹೊಸದು ಮಾಡಿಸಲು ಕಮ್ಮಾರ ಕಾಳಪ್ಪನವರ ಕುಲುಮೆಗೆ ಬಂದರು. ಕಾಳಪ್ಪ ಮೂಗಮ್ಮನ ಗಂಡ. ಅಂದು ಅವರು ಗೇಟೊಂದರ ವೆಲ್ಡಿಂಗಿನಲ್ಲಿ ಮುಳುಗಿದ್ದರು. ಮೂವತ್ತು ವರ್ಷ ತಿದಿ ಒತ್ತಿ, ಗಂಡನ ಎದುರು ನಿಂತು ಸುತ್ತಿಗೆ ಬೀಸಿ, ಭುಜ ಸೋತು ಕೂತಿದ್ದ ಮೂಗಮ್ಮ ಎದ್ದು ಬಂದು ಕೇಳಿದರು: "ಇದು ನೀರು ಮುಟ್ಟಿದ್ದು ನಿಮ್ಗೆ ಹೆಂಗೆ ಗೊತ್ತಾಯ್ತದೆ?"

"ಟೇಪು ಸಡಿಲ ಆಗುತ್ತಲ್ಲಮ್ಮ" ಎಂದರು ಶಿವಪ್ರಕಾಶ್.

"ಅಷ್ಟೊತ್ಗೆ ಮುಳುಗೇ ಓಗಿರ್ತದೆ. ಬುಡಿ, ಸದ್ದು ಮಾಡೋ ಅಂಗೆ ಒಂದು ಮಾಡ್ಕೊಡ್ತೀನಿ."

ಕಬ್ಬಿಣದ ತುಂಡನ್ನು ಕಾಯಿಸಿ, ತಳವನ್ನು ಬಟ್ಟಲಿನಂತೆ ಒಳಕ್ಕೆ ಕುಳಿ ಮಾಡಿದರು. ನೀರಿಗೆ ತಾಗಿದ ಕೂಡಲೇ ಕುಳಿಯೊಳಗಿನ ಗಾಳಿ ಸಿಕ್ಕಿ 'ಗುಳುಕ್' ಎನ್ನಬೇಕು. ಮೊದಲ ಎರಡು ತುಂಡು ಮೂಕವಾದವು. ಮೂರನೆಯದು ಮಾತಾಡಿತು. ಅದಕ್ಕೆ 'ಗುಳುಕ' ಎಂದು ಹೆಸರಿಟ್ಟವರೂ ಅವರೇ. "ಕಾದ ಕಬ್ಬಿಣದ ಸದ್ದು ಕೇಳಿ ಕೇಳಿ ಈ ಅಮ್ಮನ ಕಿವಿ ಪಳಗಿದೆ. ಅರ್ಧ ಸೆಂಟಿಮೀಟರ್ ತಪ್ಪಲ್ಲ. ಆವತ್ತೇ ಕೈ ಮುಗಿದು ಕೇಳ್ಕೊಂಡೆ, ನೀವೇ ಅಳೀರಿ ಅಂತ" ಎನ್ನುತ್ತಾರೆ ಶಿವಪ್ರಕಾಶ್.

ನಾಲ್ಕನೆಯ ತರಗತಿಯವರೆಗೆ ಓದಿದ ಮೂಗಮ್ಮ ಇಂದು ದಿನಕ್ಕೆ ಐದು ಬಾವಿ ಅಳೆಯುತ್ತಾರೆ. ಉಳಿದ ಎಂಟಕ್ಕೆ ಸರದಿಯ ಮೇಲೆ ಬಸ್ಸು ಹತ್ತುತ್ತಾರೆ. ಸೋಮವಾರ ಕೆ.ಆರ್. ಪೇಟೆ ಕಡೆಯ ಹೇಮಗಿರಿ, ಬುಧವಾರ ಪಾಂಡವಪುರ, ಶುಕ್ರವಾರ ಶ್ರೀರಂಗಪಟ್ಟಣ. ಒಂದು ಬಾವಿಗೆ ಮೂರು ಸಲ ಅಳತೆ. ಜೊತೆಗೆ ಮಳೆ ಬಂತೇ, ಕರೆಂಟು ಇತ್ತೇ, ಸುತ್ತ ಯಾವ ಪಂಪು ಓಡಿತು, ನೀರಿನ ಬಿಸಿ ಎಷ್ಟು ಎಂಬುದನ್ನೂ ಬರೆಯಬೇಕು. ಹತ್ತೊಂಬತ್ತು ನೋಟ್‌ಬುಕ್ಕು ತುಂಬಿವೆ. ಅಳತೆಗಳು ಇಪ್ಪತ್ತೈದು ಸಾವಿರ ದಾಟಿವೆ.

ಒಂದೊಂದು ಬಾವಿಗೂ ಒಂದೊಂದು ಗುಣ ಎನ್ನುತ್ತಾರೆ. "ಶ್ರೀರಂಗಪಟ್ಣದ್ದು ಹೊಳೆ ಮಾತು ಕೇಳೋ ಬಾವಿ. ಕಾವೇರಿ ಏರುದ್ರೆ ಏರ್ತದೆ, ಇಳುದ್ರೆ ಇಳೀತದೆ. ಹೇಮಗಿರಿದೂ ಅಂಗೇಯ. ನಮ್ಮೂರವು ಯಾರ ಮಾತೂ ಕೇಳಾಕಿಲ್ಲ. ಅದ್ಕೇ ಅವು ಕೆಳ್ಗೆ ಇಳುದ್ರೆ ನಂಗೆ ದಿಗಿಲಾಯ್ತದೆ."

ಆ ದಿಗಿಲು ಕಳೆದ ವರ್ಷ ಚಳಿಗಾಲದ ಒಂದು ಬೆಳಗ್ಗೆ ನಿಜವಾಗಿಯೇ ಬಂತು. ಬೀದಿಯ ಬಾವಿ ಒಂದೇ ರಾತ್ರಿಗೆ ಹನ್ನೆರಡು ಸೆಂಟಿಮೀಟರ್ ಇಳಿದಿತ್ತು. ಮೂರರ ಬದಲು ಆರು ಸಲ ಅಳೆದರು. ಅದೇ ಅಂಕಿ. ತೋಪಿನ ಬಾವಿಗೆ ಓಡಿದರು, ಒಂಬತ್ತು ಇಳಿದಿತ್ತು. ಕೆರೆ ಹಿಂದಿನದು ಏಳು. ಅಲ್ಲಿಯವರೆಗೆ ಹೀಗೆ ಮೂರು ಬಾವಿ ಒಟ್ಟಿಗೆ ಇಳಿದದ್ದೇ ಇರಲಿಲ್ಲ. ಟೀ ಅಂಗಡಿಯ ಮುಂದೆ ನಿಂತು ಶಿವಪ್ರಕಾಶ್‌ಗೆ ಫೋನು ಹಚ್ಚಿದರು.

"ಪಂಪು ಓಡಿರಬೇಕಮ್ಮ."

"ನೆನ್ನೆ ಸಂಜೆಯಿಂದ ಕರೆಂಟೇ ಇಲ್ಲ ಸಾ. ಒಂದ್ ಪಂಪೂ ಓಡಿಲ್ಲ."

ಶಿವಪ್ರಕಾಶ್ ಹೇಳಿದ್ದು ಇಷ್ಟು: "ಯಾರಿಗೂ ಹೇಳ್ಬೇಡಿ. ಗಾಬರಿ ಆಗ್ತಾರೆ. ನಾನು ಹೊರಟೆ."

ಆದರೆ ಟೀ ಕುಡಿಯುತ್ತಿದ್ದ ಮಂಜುನಾಥನ ಕಿವಿಗೆ ಮೂಗಮ್ಮನ ಮಾತು ಆಗಲೇ ಬಿದ್ದಿತ್ತು. ಅವನ ವಾಟ್ಸಾಪ್ ಸಂದೇಶ ಅವರಿಗಿಂತ ಮೊದಲು ಅವರ ಬೀದಿ ತಲುಪಿತು: 'ಇಂದು ಸಂಜೆಯೊಳಗೆ ಭೂಕಂಪ. ಮೂಗಮ್ಮನಿಗೆ ಗೊತ್ತಾಗಿದೆ.' ಹೆಂಚಿನ ಮನೆಗಳಿಂದ ಪಾತ್ರೆ, ಹಾಸಿಗೆ, ಟಿವಿ ಬೀದಿಗೆ ಬಂದವು. ಪಕ್ಕದ ಮನೆಯ ಪುಟ್ಟಗೌರಮ್ಮ ತುಂಬು ಗರ್ಭಿಣಿ ಸೊಸೆ ಮಮತಳನ್ನು ಬಿಸಿಲಲ್ಲಿ ಚಾಪೆಯ ಮೇಲೆ ಕೂರಿಸಿದ್ದರು. ಮೂಗಮ್ಮ ಬಂದೊಡನೆ ಜನ ಮುತ್ತಿಕೊಂಡರು.

"ಯೋಳಮ್ಮಿ, ಆಯ್ತದಾ ಇಲ್ವಾ?" ಎಂದರು ಪುಟ್ಟಗೌರಮ್ಮ.

"ನಂಗೊತ್ತಿಲ್ಲ ಕಣಕ್ಕ."

"ಗೊತ್ತಿಲ್ದೆ ಮತ್ಯಾಕೆ ಅಳೀತೀಯೆ ದಿನಾ?"

"ಗೊತ್ತಾಗ್ಲಿ ಅಂತ್ಲೇ ಅಳೆಯೋದು."

ಅಂದು ಅವರಿಗೆ ಎಷ್ಟು ಭಯವಾಗಿತ್ತೆಂದು ಈಗ ಹೇಳುತ್ತಾರೆ. "ಇಲ್ಲ ಅಂದ್ಬುಟ್ಟು ಆಗೋದ್ರೆ? ಆಯ್ತದೆ ಅಂದ್ಬುಟ್ಟು, ಆ ಬಸುರಿ ಹೆಂಗ್ಸು ಇಡೀ ದಿನ ಬಿಸ್ಲಲ್ಲಿ ಕೂತು ಏನಾರ ಆದ್ರೆ? ಎರ್ಡೂ ನನ್ ತಲೆ ಮೇಲೇಯ." ಮಮತಳನ್ನು ಹುಣಸೆಮರದ ನೆರಳಿಗೆ ಕರೆದುಕೊಂಡು ಹೋಗಿ ಕೂರಿಸಿ, ನೀರು ಕುಡಿಸಿ, ಅಲ್ಲೇ ಪಕ್ಕದಲ್ಲಿ ಕೂತು ನೋಟ್‌ಬುಕ್ಕು ಬಿಚ್ಚಿದರು. ಏಳು, ಒಂಬತ್ತು, ಹನ್ನೆರಡು. ಕೆರೆ ಹಿಂದಿನಿಂದ ತೋಪಿಗೆ, ತೋಪಿನಿಂದ ಬೀದಿಗೆ. ಅಂಕಿ ಒಂದೇ ದಿಕ್ಕಿಗೆ ಏರುತ್ತಿತ್ತು! ಹಾಗಾದರೆ ಅದೇ ದಿಕ್ಕಿನಲ್ಲಿ ಇನ್ನೂ ಮುಂದೆ ಹೋದರೆ?

ಕಾಳಪ್ಪ ಟಿವಿಎಸ್ ತೆಗೆದರು. "ಹತ್ತಮ್ಮಿ, ಎಲ್ಗೆ ಅಂತ ಯೋಳು ಸಾಕು." ಊರಾಚೆಯ ಹೊಲದ ಪಾಳುಬಾವಿ ಅವರ ಪಟ್ಟಿಯಲ್ಲಿಲ್ಲ. ಆದರೂ ಮೊದಲು ನೀರಿದ್ದ ಮಟ್ಟ ತೋರುವಂತೆ ಕಲ್ಲಿನ ಮೇಲೆ ಉಳಿದ ಒದ್ದೆ ಪಟ್ಟೆಯ ಮೇಲಂಚಿನಿಂದ ನೀರಿನವರೆಗೆ ಟೇಪು ಬಿಟ್ಟರು: ಇಪ್ಪತ್ತು ಸೆಂಟಿಮೀಟರ್ ಇಳಿದಿತ್ತು. ಮುಂದಿನದರಲ್ಲಿ ಮೂವತ್ತಾರು! ಹಿಂದೆ ಐದಾರು ಬೈಕು, ಒಂದು ಟ್ರಾಕ್ಟರು, ಕುರಿ ಬಿಟ್ಟು ಓಡಿಬಂದವರು. ದಿಬ್ಬ ಹತ್ತಿ ಆ ಬದಿಗೆ ಇಳಿಯುತ್ತಿದ್ದಂತೆ ಮೂಗಮ್ಮ ಗಂಡನ ಬೆನ್ನು ತಟ್ಟಿ ಗಾಡಿ ನಿಲ್ಲಿಸಿದರು. ಕೆಳಗೆ ಹೊಲವೊಂದರಲ್ಲಿ ಬೋರ್‌ವೆಲ್ ಲಾರಿ ನಿಂತಿತ್ತು. ಹಿಂದಿನ ಸಂಜೆ ಆ ಕಡೆಯ ರಸ್ತೆಯಿಂದ ಬಂದದ್ದರಿಂದ ಊರಿನ ಕಣ್ಣಿಗೆ ಬಿದ್ದಿರಲಿಲ್ಲ. ಅಪಾರ ನೀರು ಸಿಕ್ಕಿತ್ತು. ಬೆಳಗಿನವರೆಗೂ ಡೀಸೆಲ್ ಕಂಪ್ರೆಸರ್ ನೀರನ್ನು ಮೇಲಕ್ಕೆ ಊದಿ ಊದಿ ಹೊಲವೆಲ್ಲ ಗದ್ದೆಯಾಗಿತ್ತು.

"ಕರೆಂಟ್ ಇಲ್ದಿದ್ರೂ ಲಾರಿ ಓಡ್ತದೆ ಅಂತ ನನ್ ಮಂಡೆಗೆ ಹೊಳೀಲೇ ಇಲ್ಲ ಸಾ!" ಎಂದು ಈಗಲೂ ಹಣೆ ಬಡಿದುಕೊಳ್ಳುತ್ತಾರೆ. ಮಧ್ಯಾಹ್ನ ತಲುಪಿದ ಶಿವಪ್ರಕಾಶ್ ನಕ್ಷೆ ಹರಡಿ ತೋರಿಸಿದರು: ಆ ಹೊಲವೂ ಮೂರು ಬಾವಿಗಳೂ ಬಂಡೆಯ ಒಂದೇ ಸೀಳಿನ ಸಾಲಿನಲ್ಲಿದ್ದವು. ಹಾಸಿಗೆ, ಪಾತ್ರೆ ಒಳಗೆ ಹೋದವು. ಮಮತ ಮನೆಯೊಳಗೆ ಮಲಗಿದಳು. ನಾಲ್ಕು ದಿನದ ಮೇಲೆ ಅವಳಿಗೆ ಹೆಣ್ಣುಮಗು ಹುಟ್ಟಿತು.

ಊರು ಮಾತ್ರ ಸುಮ್ಮನಿರಲಿಲ್ಲ. ತಿಂಗಳುಗಟ್ಟಲೆ "ಇವತ್ತೇನಮ್ಮೋ, ಭೂಕಂಪವೋ ಬೋರ್‌ವೆಲ್ಲೋ?" ಎಂದು ಕೂಗುವವರೇ. "ನಗ್ಲಿ ಬುಡಿ. ಬೀದೀಲಿ ಮಲಗೋದು ತಪ್ತಲ್ಲ" ಎನ್ನುವ ಮೂಗಮ್ಮ ಆ ದಿನದ ಪುಟದಲ್ಲಿ ಅಂಕಿಗಳ ಪಕ್ಕ ಕಾರಣವನ್ನೂ ಬರೆದು ಕೆಳಗೆ ಸಹಿ ಹಾಕಿದ್ದಾರೆ.

ಇದಾಗಿ ಐದು ತಿಂಗಳಿಗೆ, ಒಂದು ಬುಧವಾರ, ಪಾಂಡವಪುರದ ಸರದಿ. ಕಬ್ಬು ಬೆಳೆಯುವ ಚಿಕ್ಕಯ್ಯನವರ ಹೊಲದಂಚಿನಲ್ಲಿ ಪಂಪು ತೆಗೆದ ಹಳೆಯ ಕೊಳವೆಬಾವಿ ಇದೆ. ಎಂಟೂ ಹತ್ತಕ್ಕೆ ಮೂಗಮ್ಮ ಗುಳುಕ ಇಳಿಸಿದರು. ಹದಿನಾಲ್ಕು ಮೀಟರ್ ಮೂವತ್ತು. ಎರಡನೆಯ ಸಲ ಇಪ್ಪತ್ತಾರು. ಮೂರನೆಯ ಸಲ ಮೂವತ್ತೈದು. ಒಂದೇ ಜಾಗದಲ್ಲಿ ಮೂರು ಅಂಕಿ!

"ಏನಮ್ಮೋ, ಟೇಪು ಕೆಟ್ಟೋಯ್ತಾ?" ಎಂದರು ಚಿಕ್ಕಯ್ಯ.

"ಟೇಪಲ್ಲ ಕಣಣ್ಣ. ನೀರು ಉಸ್ರಾಡ್ತಾ ಅದೆ. ನೀನೂ ಕೇಳು ಬಾ!"

ಚಿಕ್ಕಯ್ಯ ಕೊಳವೆಗೆ ಕಿವಿಗೊಟ್ಟರು. ಟೇಪನ್ನು ಅಲುಗಾಡಿಸದೆ ಹಿಡಿದಿದ್ದರೂ ಗುಳುಕ ತಾನಾಗಿಯೇ ಸದ್ದು ಮಾಡುತ್ತಿತ್ತು. ನೀರೇ ಬಂದು ಅದನ್ನು ಮುಟ್ಟಿ, ಇಳಿದು, ಮತ್ತೆ ಬಂದು ಮುಟ್ಟುತ್ತಿತ್ತು. ಸುತ್ತ ಲಾರಿಯಿಲ್ಲ, ಪಂಪಿಲ್ಲ. ಚಿಕ್ಕಯ್ಯನವರನ್ನೇ ಸೈಕಲ್ಲಿನಲ್ಲಿ ಓಡಿಸಿ ನೋಡಿಸಿದರು, ಯಾವ ಹೊಲದಲ್ಲೂ ಬೋರು ಕೊರೆಯುತ್ತಿರಲಿಲ್ಲ. ಮತ್ತೆ ನಗೆಪಾಟಲಾದರೆ ಎಂದು ಫೋನು ಕೈಯಲ್ಲೇ ಹಿಡಿದು ನಿಂತರು. ಮೊದಲು ನೋಟ್‌ಬುಕ್ಕಿನಲ್ಲಿ ಬರೆದರು: 'ಎಂಟು ಹತ್ತರಿಂದ ಎಂಟು ಇಪ್ಪತ್ತೆರಡು. ನೀರು ಕುಲುಕುತ್ತಾ ಇದೆ. ಕಾರಣ ಗೊತ್ತಿಲ್ಲ.' ಆಮೇಲೆ ಗಟ್ಟಿ ಮನಸ್ಸು ಮಾಡಿ ಫೋನು ಮಾಡಿದರು.

ಶಿವಪ್ರಕಾಶ್‌ಗೂ ಆಗ ಏನೂ ಗೊತ್ತಿರಲಿಲ್ಲ. ಮುಕ್ಕಾಲು ಗಂಟೆಯ ಮೇಲೆ ಅವರೇ ಕರೆ ಮಾಡಿ ವಿಷಯ ಹೇಳಿದರು. ಸಾವಿರಾರು ಕಿಲೋಮೀಟರ್ ಆಚೆ, ಸಮುದ್ರದ ತಳದಲ್ಲಿ ದೊಡ್ಡ ಭೂಕಂಪವಾಗಿತ್ತು. ಅದೃಷ್ಟಕ್ಕೆ ಹತ್ತಿರ ಜನವಸತಿ ಇರಲಿಲ್ಲ. ಅದರ ಅಲೆಗಳು ಭೂಮಿಯೊಳಗೆ ಹರಿದು ಪಾಂಡವಪುರದ ಬಂಡೆಯನ್ನು ಹಿಂಡಿ ಸಡಿಲಿಸಿ ಸಾಗಿದ್ದವು. ಯಾರ ಕಾಲಿಗೂ ತಿಳಿಯಲಿಲ್ಲ. ಮೂಗಮ್ಮನ ಕಿವಿಗೆ ತಿಳಿಯಿತು.

"ಅಮ್ಮಾ, ಟಿವಿಯವರಿಗಿಂತ ಮುಂಚೆ ಭೂಕಂಪ ಕೇಳಿಸಿಕೊಂಡವರು ನೀವು!"

ಮೂಗಮ್ಮ ಕಬ್ಬಿನ ಬದುವಿನ ಮೇಲೆ ಕೂತು ಅತ್ತೇಬಿಟ್ಟರಂತೆ. "ಅಳು ಯಾಕೆ ಬಂತೋ ಗೊತ್ತಿಲ್ಲ ಸಾ. ಅಷ್ಟು ದೂರದ್ದು ಇಲ್ಗೆ ಬಂದು ನನ್ ಗುಳುಕ ಮುಟ್ತಲ್ಲಾ ಅಂತ." ಚಿಕ್ಕಯ್ಯ ಆಗಲೇ ಒಂದು ಕಬ್ಬು ಮುರಿದು ತಂದುಕೊಟ್ಟರು. ಆಮೇಲೆ ಹೊಲಕ್ಕೆ ಬಂದವರಿಗೆಲ್ಲ ಆ ಕೊಳವೆ ತೋರಿಸಿ ಕಥೆ ಹೇಳುವುದೇ ಅವರ ಕೆಲಸವಾಗಿದೆ.

ಶಿವಪ್ರಕಾಶ್ ಎಚ್ಚರಿಕೆಯಿಂದ ಮಾತಾಡುತ್ತಾರೆ. "ಇದು ಭೂಕಂಪ ಆದ ಮೇಲಿನ ಸುದ್ದಿ. ಮುಂಚಿನ ಸುದ್ದಿಯನ್ನ ಬಾವಿ ಹೇಳುತ್ತೋ ಇಲ್ವೋ ಇನ್ನೂ ಯಾರಿಗೂ ಗೊತ್ತಿಲ್ಲ. ಇಂಥ ದಿನ ಭೂಕಂಪ ಆಗುತ್ತೆ ಅಂದವರನ್ನ ನಂಬಬೇಡಿ. ಆದರೆ ನಮ್ಮ ಬಾವಿಗಳಿಗೆ ಭೂಮಿಯ ಕದಲಿಕೆ ತಾಗುತ್ತೆ ಅನ್ನೋದಂತೂ ಕೈಗೆ ಸಿಕ್ಕಿತು. ಏನೂ ಆಗದ ದಿನಗಳ ಅಳತೆ ಇಲ್ಲದಿದ್ದರೆ, ಏನೋ ಆದ ದಿನ ನಮಗೆ ಗೊತ್ತೇ ಆಗ್ತಿರಲಿಲ್ಲ. ಆ ಸಾವಿರಾರು ಸಪ್ಪೆ ದಿನಗಳನ್ನ ಬರೆದಿಟ್ಟಿದ್ದು ಈ ಅಮ್ಮ." ಅವರ ಸಂಶೋಧನಾ ವರದಿಯಲ್ಲಿ ಈಗ ಮೂಗಮ್ಮನ ಹೆಸರೂ ಇದೆ.

ಅದನ್ನು ಹೇಳಿದರೆ ಮೂಗಮ್ಮ ಮಾತು ಬದಲಿಸುತ್ತಾರೆ. ಗಂಟೆ ಏಳಾಗುತ್ತಿದೆ, ಹೇಮಗಿರಿಗೆ ಹೋಗಬೇಕು. ಬ್ಯಾಗಿಗೆ ನೋಟ್‌ಬುಕ್ಕು, ಬುತ್ತಿ ತುಂಬುತ್ತಿರುವವರನ್ನು, ಓದುಗರಿಗೆ ಏನಾದರೂ ಹೇಳಬೇಕೇ ಎಂದು ಕೇಳುತ್ತೇನೆ. ಟೇಪು ಒರೆಸುತ್ತಾ ಯೋಚಿಸುತ್ತಾರೆ.

"ಈಗೆಲ್ಲಾ ಹಳೇ ಬಾವಿಗೆ ಮಣ್ಣು ತುಂಬ್ಸಿ ಸೈಟು ಮಾಡ್ತಾವ್ರೆ. ಬ್ಯಾಡ ಅನ್ನಾಕೆ ನಾನ್ಯಾರು? ಅವ್ರವ್ರ ಜಾಗ ಅವ್ರವ್ರಿಗೆ. ಆದ್ರೆ ಮುಚ್ಚಕ್ ಮುಂಚೆ ನಂಗೊಂದ್ ಫೋನ್ ಮಾಡ್ಲಿ ಅಂತ ಬರೀರಿ ಸಾ." ಬಸ್ಸಿನ ಹಾರನ್ನು ಕೇಳಿ ಚಪ್ಪಲಿ ಮೆಟ್ಟಿಕೊಳ್ಳುತ್ತಾರೆ. "ಬಂದು ಒಂದೇ ಒಂದ್ ಸಲ ಅಳೆದ್ಕೊಂಡು ಓಯ್ತೀನಿ. ಅದು ಕೊನೇದಾಗಿ ಏನಂತೋ, ಅಷ್ಟನ್ನಾರ ಬರ್ಕೋಬೇಕು."